ಮೊರಾಗಳ ಇಂಗ್ಲಿಷ್ ಮೇಜು

ಸ್ಟಾವಂಗರ್
ನವೆಂಬರ್ ೧೨

ಪ್ರಿಯ ಅರ್ನ್‌ಫಿನ್,

ನಿನ್ನ ಕಾಗದ ಬಂದಾಗ ನಮ್ಮ ಬಾಲ್ಕನಿಯಲ್ಲಿ ಕುರ್ಚಿ ಹಾಕಿ ಕೂರುವ ಹವೆ ಇನ್ನೂ ಇತ್ತು. ಈಗ ಕುರ್ಚಿಗಳು ಒಳಗೆ ಬಂದಿವೆ, ಕಾರಿಗೆ ಚಳಿಗಾಲದ ಚಕ್ರ ಹಾಕಿಸಿ ಆಗಿದೆ. ಅಷ್ಟು ತಡವಾಯಿತು, ಬೈದುಕೋ. ನಿನ್ನ ಮಂಡಿನೋವು ಹೇಗಿದೆ? ಕಳಿಸಿದ ಒಣಮೀನು ತಲುಪಿತು. ಕೆಳಗಿನ ಮನೆಯವರು ಮೆಟ್ಟಿಲ ಬಳಿ ಮೂಗು ಮುಚ್ಚಿಕೊಂಡು ಓಡಾಡುತ್ತಾರೆ, ಆದರೆ ಬಾಯಿಬಿಟ್ಟು ಏನೂ ಹೇಳಿಲ್ಲ. ನಮ್ಮ ಊರು ನಿನಗೆ ಗೊತ್ತೇ ಇದೆ.

ತಡಕ್ಕೆ ಕಾರಣ ಮೈಗಳ್ಳತನವಲ್ಲ, ನಿನ್ನ ಪ್ರಶ್ನೆ. ನನ್ನ ಮೊರಾಗಳ ಬೂದಿಯನ್ನು ಸ್ಕಾಟ್ಲೆಂಡಿಗೆ ಅವಳ ತಂಗಿ ಈನಾಳ ಹತ್ತಿರ ಕಳಿಸುತ್ತಿದ್ದೇನೆ ಎಂದು ಬರೆದಿದ್ದೆನಲ್ಲ. "ನಿಮ್ಮಿಬ್ಬರಿಗೂ ಅಲ್ಲೇ ಸ್ಮಶಾನದಲ್ಲಿ ಒಂದು ಜಾಗ ಹಿಡಿದಿಟ್ಟಿದ್ದಿರಿ, ಈಗ ಅವಳನ್ನು ಸಮುದ್ರ ದಾಟಿಸುವುದೇಕೆ?" ಎಂದು ನೀನು ಕೇಳಿದೆ. ನಾನು ಉತ್ತರ ಬರೆಯಲು ಕುಳಿತಾಗಲೆಲ್ಲ ಕಾಫಿ ಮಾಡಲು ಎದ್ದುಬಿಡುತ್ತಿದ್ದೆ. ಇವತ್ತು ಫ್ಲಾಸ್ಕನ್ನು ಪಕ್ಕದಲ್ಲೇ ಇಟ್ಟುಕೊಂಡಿದ್ದೇನೆ.

ಮೊದಲು ಭಾನುವಾರದ ಮೇಜಿನ ವಿಷಯ ಹೇಳಬೇಕು. ತೈಲದ ಕೆಲಸಕ್ಕೋ, ಗಂಡನ ಹಿಂದೆಯೋ ಬಂದು ಈ ಊರಿನಲ್ಲಿ ಉಳಿದ ಇಂಗ್ಲಿಷ್ ಮಾತಿನವರನ್ನು ಮೊರಾಗ್ ಭಾನುವಾರ ನಮ್ಮ ಮನೆಗೆ ಕರೆಯುತ್ತಿದ್ದಳು. ಅದಕ್ಕೆ ಇಂಗ್ಲಿಷ್ ಮೇಜು ಎಂದು ಅವಳೇ ಹೆಸರಿಟ್ಟಿದ್ದಳು. ಅವಳು ಹೋದ ಮೇಲೆ ನಿಲ್ಲುತ್ತದೆ ಅಂದುಕೊಂಡಿದ್ದೆ. ಮುಂದಿನ ಭಾನುವಾರವೇ ಕರೆಗಂಟೆ ಸದ್ದಾಯಿತು. ಬಾಗಿಲಲ್ಲಿ ಟೆಕ್ಸಾಸಿನ ಲರೇನ್ ಮತ್ತು ಇಂಗ್ಲೆಂಡಿನ ಹಲ್ ಊರಿನ ಕಾಲಿನ್ ಕೇಕು ಹಿಡಿದು ನಿಂತಿದ್ದರು. ನಾನು ದೋಸೆಹಂಚಿನಂಥ ನಮ್ಮ ವಾಫಲ್ ಕಬ್ಬಿಣವನ್ನು ಕಾಯಲು ಇಟ್ಟೆ. ಅಂದಿನಿಂದ ನಡೆಯುತ್ತಲೇ ಇದೆ.

ಅವರ ಮಾತು ನನಗೆ ಅರ್ಧ ಅರ್ಥವಾಗುತ್ತದೆ. ಉಳಿದರ್ಧಕ್ಕೆ ನಮ್ಮ ಬ್ರೆಕ್ಕೆ ಮೇಷ್ಟ್ರು ಕಾಲೇಜಿನಲ್ಲಿ ಉರು ಹೊಡೆಸಿದ್ದು ನೆನಪಿಗೆ ಬಂದಷ್ಟು. ಲರೇನ್‌ಗೆ ನಾಲ್ಕು ವರ್ಷವಾದರೂ ಒಂದೇ ದೂರು.

"ತೊರ್ಲೈವ್, ನಮ್ಮ ಪಕ್ಕದ ಮನೆಯವ್ಳು ಲಿಫ್ಟಲ್ಲಿ ನನ್ನನ್ನ ಕಂಡ್ರೆ ಗೋಡೆ ನೋಡ್ತಾಳೆ. ನಾನೇನು ಅವಳ ಬೆಕ್ಕು ಕದ್ದಿದ್ದೀನಾ?"

"ಅದು ತಮಗೆ ಸಲ್ಲಿಸುವ ಗೌರವವಾಗಿದೆ," ಎಂದೆ. ನನ್ನ ಇಂಗ್ಲಿಷ್ ಹಾಗೆಯೇ ಬರುವುದು, ಬ್ರೆಕ್ಕೆ ಮೇಷ್ಟ್ರ ಕೋಟು ಹಾಕಿಕೊಂಡು.

"ಗೌರವ ಅಂತೆ," ಎಂದ ಕಾಲಿನ್. "ನಾನು ಇಲ್ಲಿಗೆ ಬಂದ ಹೊಸದ್ರಲ್ಲಿ ಬಸ್ಸಲ್ಲಿ ಒಬ್ಬನ ಪಕ್ಕ ಕೂತು ಗುಡ್ ಮಾರ್ನಿಂಗ್ ಅಂದೆ. ಪಾಪ, ಮುಂದಿನ ಸ್ಟಾಪಲ್ಲೇ ಇಳಿದುಬಿಟ್ಟ. ಅದು ಅವನ ಸ್ಟಾಪಲ್ಲ ಅಂತ ನಂಗೊತ್ತು, ದಿನಾ ನೋಡ್ತಿದ್ದೆ."

ನಾನು ನಗಲಿಲ್ಲ. ಇಳಿದವನು ಸರಿಯಾಗಿಯೇ ಮಾಡಿದ್ದ. ಒಬ್ಬರನ್ನು ಅವರ ಪಾಡಿಗೆ ಬಿಡುವುದಕ್ಕಿಂತ ದೊಡ್ಡ ಸೌಜನ್ಯ ನಮ್ಮಲ್ಲಿ ಯಾವುದಿದೆ, ಹೇಳು.

ಈ ಮೇಜಿನ ಬಳಿ ಬಿಟ್ಟರೆ ಮೊರಾಗ್ ಇಂಗ್ಲಿಷ್ ಆಡುತ್ತಿರಲಿಲ್ಲ. ನಾನು ಅವಳನ್ನು ಮೊದಲು ಕಂಡದ್ದು ಬೇಕರಿಯಲ್ಲಿ. ಅವಳು ನಮ್ಮ ಭಾಷೆಯಲ್ಲಿ ಬ್ರೆಡ್ ಕೇಳುತ್ತಾಳೆ, ಅಂಗಡಿ ಹುಡುಗಿ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ. ಮತ್ತೆ ಕೇಳುತ್ತಾಳೆ, ಮತ್ತೆ ಇಂಗ್ಲಿಷ್. ಕೊನೆಗೆ ಹಿಂದೆ ನಿಂತಿದ್ದ ನನ್ನ ಕಡೆ ತಿರುಗಿ, "ನೀವಾದ್ರೂ ಹೇಳಿ ಇವಳಿಗೆ, ನಾನು ಕೇಳ್ತಿರೋದು ನಾರ್ವೇಜಿಯನ್ ತಾನೆ?" ಎಂದಳು. ನಾನು ನಮ್ಮ ಭಾಷೆಯಲ್ಲೇ ಹೌದು ಎಂದೆ. ಇಂಗ್ಲಿಷಿನಲ್ಲಿ ಹೇಳಲು ನನಗೆ ಬರುತ್ತಿರಲಿಲ್ಲ, ಅಷ್ಟೆ. "ಈ ಊರಲ್ಲಿ ನನ್ನ ಹತ್ರ ಇಂಗ್ಲಿಷಿಗೆ ಹಾರದ ಗಂಡಸು ಇವನೊಬ್ಬನೇ, ಅದಕ್ಕೆ ಮದುವೆಯಾದೆ," ಎಂದು ಎಲ್ಲರ ಮುಂದೆಯೂ ಹೇಳುತ್ತಿದ್ದಳು. ಹೀಗೆ ನಮ್ಮ ಸಂಸಾರವೆಲ್ಲ ನನ್ನ ಭಾಷೆಯಲ್ಲೇ ನಡೆಯಿತು.

ಕೊನೆಯ ವಾರಗಳಲ್ಲಿ ಆ ಭಾಷೆ ಅವಳಿಂದ ಹೋಯಿತು. ಪಾರ್ಶ್ವವಾಯು ಬಡಿದವರಲ್ಲಿ ಕೆಲವರಿಗೆ ಆಮೇಲೆ ಕಲಿತದ್ದು ಮೊದಲು ಹೋಗುತ್ತದಂತೆ, ಡಾಕ್ಟರು ಹೇಳಿದರು. ಅಂಗಡಿಯ ಹೆಸರುಗಳು ಹೋದವು, ಹವೆಯ ಮಾತು ಹೋಯಿತು, ಆಮೇಲೆ ಇಂಗ್ಲಿಷ್ ಮೇಜಿನ ಅಚ್ಚುಕಟ್ಟು ಇಂಗ್ಲಿಷೂ ಹೋಯಿತು. ಉಳಿದದ್ದು ಅವಳ ಅಮ್ಮ ಬಂದರಿನ ಮೀನು ಧಕ್ಕೆಯಲ್ಲಿ ಆಡುತ್ತಿದ್ದ ಮಾತು. ದಾದಿಗೂ ತಿಳಿಯದು, ನನಗೂ ತಿಳಿಯದು. ನಾನು ಪಕ್ಕದಲ್ಲಿ ಕೂತು ಹೂಂ ಹೂಂ ಎನ್ನುತ್ತಿದ್ದೆ.

ಕೊನೆಯ ದಿನ ಮಧ್ಯಾಹ್ನ ಅವಳು ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು. ನೋಡಿ, "ಡಿನ್ನ ಗ್ರೀಟ್" ಎಂದಳು. ಮತ್ತೊಮ್ಮೆಯೂ ಅದನ್ನೇ ಅಂದಳು. ಈ ಒಂದು ಮಾತು ಮಾತ್ರ ನನಗೆ ತಿಳಿಯಿತು, ಅರ್ನ್‌ಫಿನ್. ನಿನಗೂ ತಿಳಿಯುತ್ತಿತ್ತು. ಬ್ರೆಕ್ಕೆ ಮೇಷ್ಟ್ರು ನಮ್ಮನ್ನು ನಿಲ್ಲಿಸಿ ಕೂಗಿಸುತ್ತಿದ್ದರಲ್ಲ: ಗ್ರೀಟ್ ಎಂದರೆ ವಂದಿಸು, ಸ್ವಾಗತಿಸು, ಕುಶಲ ವಿಚಾರಿಸು. ಡಿನ್ನ ಎಂದರೆ ಬೇಡ ಎಂದು ಅವಳು ಔಷಧಿಯ ಚಮಚ ತಳ್ಳುವುದನ್ನು ನೋಡಿ ಕಲಿತಿದ್ದೆ. ನನ್ನನ್ನು ಮಾತಾಡಿಸಬೇಡ. ಅದೇ ಅವಳ ಕೊನೆಯ ಮಾತು.

ನನಗೆ ಕೋಪ ಬರಲಿಲ್ಲ. ಅವಳು ತನ್ನೂರಿಗೆ ಹೊರಟಿದ್ದಾಳೆ, ಅಲ್ಲಿ ನಾನು ಯಾರೂ ಅಲ್ಲ, ಲಿಫ್ಟಿನಲ್ಲಿ ಸಿಕ್ಕ ಅಪರಿಚಿತ ಎಂದುಕೊಂಡೆ. ಹೊರಟವಳನ್ನು ಪೂರ್ತಿ ತಲುಪಿಸುವುದು ನನ್ನ ಕೆಲಸ ಅನ್ನಿಸಿತು. ಈನಾಳಿಗೆ ಬರೆದೆ. ಸ್ಮಶಾನದ ಕಚೇರಿಯಿಂದ ಅನುಮತಿ ಪಡೆದೆ. ಕಾಲಿನ್ ಕೆಲಸಕ್ಕೆಂದು ಆಗಾಗ ಆಬರ್ಡೀನಿಗೆ ಹಾರುತ್ತಾನೆ, ಮೊನ್ನೆ ಸೋಮವಾರ ಬೂದಿಯ ಕುಡಿಕೆಯನ್ನು ಅವನೇ ಒಯ್ಯುವುದೆಂದಾಗಿತ್ತು. ನಿನ್ನ ಪ್ರಶ್ನೆಗೆ ಉತ್ತರ ಇದು. ಇದನ್ನು ಬರೆಯಲು ಆಗಿರಲಿಲ್ಲ.

ಕಳೆದ ಭಾನುವಾರ, ಎಂದರೆ ಕುಡಿಕೆ ಹೊರಡಬೇಕಿದ್ದ ಹಿಂದಿನ ದಿನ, ಮೇಜಿಗೆ ಹೊಸಬಳೊಬ್ಬಳು ಬಂದಳು. ಷೋನಾ ಎಂದು ಹೆಸರು, ಹಲ್ಲಿನ ಡಾಕ್ಟರು. ಮೊರಾಗಳ ಕರಾವಳಿಯವಳೇ ಎಂದು ಲರೇನ್ ಕರೆತಂದಿದ್ದಳು. ಸೊಂಟದ ಮೇಲೆ ಒಂದು ಹೆಣ್ಣುಮಗು. ಷೋನಾ ನಮ್ಮೆಲ್ಲರೊಂದಿಗೆ ಲರೇನ್‌ಳಂತೆಯೇ ತೊಳೆದಿಟ್ಟ ಇಂಗ್ಲಿಷ್ ಆಡಿದಳು. ಭಾನುವಾರ ಅಂಗಡಿ ಮುಚ್ಚಿರುತ್ತದೆಂದು ತಿಳಿಯದೆ ಮನೆಯಲ್ಲಿ ಹಾಲಿಲ್ಲ ಎಂದಳು. ಎಲ್ಲರೂ ತಂತಮ್ಮ ಮೊದಲ ಭಾನುವಾರದ ಕಥೆ ಹೇಳಿದರು. ಅಷ್ಟರಲ್ಲಿ ಲರೇನ್ ಮಗುವಿನ ಬಾಯಿಗೆ ನಮ್ಮ ಕಂದು ಚೀಸಿನ ತುಂಡಿಟ್ಟಳು. ಮಗು ಮುಖ ಹಿಂಡಿ, ಉಗಿದು, ಕಿರುಚಿ ಅತ್ತಿತು.

ಷೋನಾ ಅದನ್ನು ಹೆಗಲಿಗೆ ಹಾಕಿಕೊಂಡು ಬೆನ್ನು ತಟ್ಟಿದಳು. "ಡಿನ್ನ ಗ್ರೀಟ್," ಎಂದಳು. "ಡಿನ್ನ ಗ್ರೀಟ್, ಡಿನ್ನ ಗ್ರೀಟ್."

ನಾನು ಕಾಫಿ ಬಗ್ಗಿಸುತ್ತಲೇ ತಲೆಯೆತ್ತಿದೆ. "ಶಿಶುವು ವಂದಿಸಬಾರದೆಂದು ತಾವು ಏಕೆ ಆಜ್ಞಾಪಿಸುತ್ತಿರುವಿರಿ?" ಎಂದು ಕೇಳಿದೆ.

ಎಲ್ಲರೂ ನಕ್ಕರು. ಷೋನಾಳೂ ನಕ್ಕಳು. "ಅಯ್ಯೋ, ಅದು ನಮ್ಮೂರಿನ ಮಾತು. ಗ್ರೀಟ್ ಅಂದ್ರೆ ಅಳೋದು. ಅಳಬೇಡ ಕಂದಾ ಅಂದೆ, ಅಷ್ಟೆ."

"ನಿಮ್ಮ ಭಾಷೇಲಿ ಅಳೋದಕ್ಕೆ ಏನಂತೀರಿ, ತೊರ್ಲೈವ್?" ಎಂದ ಕಾಲಿನ್.

"ಗ್ರೋಟೆ," ಎಂದೆ.

"ಮತ್ತಿನ್ನೇನು? ಅದೂ ಇದೂ ಒಂದೇ. ನಿಮ್ಮ ಮುತ್ತಾತಂದಿರು ಹಡಗಲ್ಲಿ ಬಂದು ಇವರದ್ದೆಲ್ಲ ದೋಚಿಕೊಂಡು ಹೋದ್ರು, ಅಳೋಕೆ ಪದ ಮಾತ್ರ ಬಿಟ್ಟು ಹೋದ್ರು."

ಅದಕ್ಕೂ ಎಲ್ಲರೂ ನಕ್ಕರು. ಕಪ್ಪು ತುಂಬಿ ತಟ್ಟೆಗೆ ಚೆಲ್ಲಿತ್ತು. ಅದನ್ನು ಒರೆಸಿ, ಅವರು ಹೊರಡುವಾಗ ಬಾಗಿಲಲ್ಲಿ ಕಾಲಿನ್‌ಗೆ ಹೇಳಿದೆ, ಕುಡಿಕೆ ಒಯ್ಯುವುದು ಬೇಡ ಎಂದು. ಅವನು ಷೂ ಲೇಸು ಕಟ್ಟುತ್ತ ನನ್ನನ್ನು ನೋಡಿದ. ಯಾಕೆ ಎಂದು ಕೇಳಲಿಲ್ಲ. ಅವನೂ ನಮ್ಮವನಾಗುತ್ತಿದ್ದಾನೆ. "ಸರಿ ಬಿಡಿ," ಎಂದ, "ನಾನಂತೂ ಹೋಗಲೇಬೇಕು, ಕೈ ಖಾಲಿ ಇದ್ರೆ ಹಗುರ."

ಈನಾಳಿಗೆ ಫೋನ್ ಮಾಡಿದೆ. ಏನಾಯಿತೆಂದು ನನ್ನ ಇಂಗ್ಲಿಷಿನಲ್ಲಿ ವಿವರಿಸಲು ಬಹಳ ಹೊತ್ತು ಹಿಡಿಯಿತು. ಕೊನೆಗೆ ಅವಳು, "ಮೊದಲೇ ನನ್ನನ್ನ ಕೇಳೋದಲ್ವಾ ಮಾರಾಯ? ಅಕ್ಕ ಅಲ್ಲೇ ಇರ್ಲಿ. ಅವಳ ನೀಲಿ ಕೋಟು ಕಳಿಸು, ನಂಗೆ ಚಳಿ," ಎಂದಳು. ಕೋಟು ನಿನ್ನೆ ಅಂಚೆಗೆ ಹೋಯಿತು. ಮುಂದಿನ ಶುಕ್ರವಾರ ಮೊರಾಗಳನ್ನು ನಮ್ಮ ಜಾಗದಲ್ಲಿ ಇಡುತ್ತೇವೆ. ನೀನು ಅಷ್ಟು ದೂರದಿಂದ ಮಂಡಿ ಎಳೆದುಕೊಂಡು ಬರಬೇಡ. ಇಂಗ್ಲಿಷ್ ಮೇಜಿನವರು ಇರುತ್ತಾರೆ. ಲರೇನ್ ಹಾಡುತ್ತೇನೆ ಎನ್ನುತ್ತಿದ್ದಾಳೆ, ತಡೆಯುವ ಇಂಗ್ಲಿಷ್ ನನ್ನಲ್ಲಿಲ್ಲ.

ನಿಮ್ಮ ಕಡೆ ಸೂರ್ಯ ಕಾಣೆಯಾಗುವ ದಿನಗಳು ಬಂದವು. ಬೆಚ್ಚಗಿರು. ನಿನ್ನ ಮನೆಯ ದೀಪಕ್ಕೂ ಮಂಡಿಗೂ ಒಳ್ಳೆಯದಾಗಲಿ.

ನಿನ್ನ ಹಳೆಯ ಬೆಂಚಿನ ಗೆಳೆಯ,
ತೊರ್ಲೈವ್

ತಾ.ಕ. ಒಂದು ವಿಷಯ ಬಿಟ್ಟೆ. ಮೊರಾಗ್ ಹಾಗೆಂದಾಗ ನಾನು ಅಳುತ್ತಿದ್ದೆನೆಂದು ನನಗೆ ಗೊತ್ತಿರಲಿಲ್ಲ. ದಾದಿಯನ್ನು ಈ ವಾರ ಹೋಗಿ ಕೇಳಿದೆ, ಹೌದು ಎಂದಳು. ಅಂದು ಮೊರಾಗಳ ಮಾತು ಕೇಳಿ ನಾನು ಕೈ ಬಿಡಿಸಿಕೊಂಡು, ಕುರ್ಚಿ ಸದ್ದಾಗದಂತೆ ಎತ್ತಿಟ್ಟು, ಹೊರಗಿನ ಹಜಾರದಲ್ಲಿ ಕುಳಿತೆ. ಬೇಡವೆಂದವರ ಎದುರು ಕೂರುವುದು ಮರ್ಯಾದೆಯಲ್ಲವಲ್ಲ. ದಾದಿ ಬಂದು ಕರೆಯುವಷ್ಟರಲ್ಲಿ ಮುಗಿದಿತ್ತು. ಬ್ರೆಕ್ಕೆ ಮೇಷ್ಟ್ರು ಇಂಗ್ಲಿಷಿನ ಒಂದಕ್ಷರವನ್ನೂ ಕಲಿಸದಿದ್ದರೆ ನಾನು ಆ ಕೋಣೆಯಲ್ಲೇ ಇರುತ್ತಿದ್ದೆ.