ನಲವತ್ತು ನಿಮಿಷದ ಚೀಟಿ

ವಿಮಾನ ನಿಲ್ದಾಣದ ಮೇಲಧಿಕಾರಿಗಳಿಗೆ,

ರಾತ್ರಿ ಎರಡೂವರೆಗೆ ಮಗಳ ಉಬ್ಬಸದ ಸದ್ದಿಗೆ ಎಚ್ಚರವಾಯಿತು. ಬೆಳಿಗ್ಗೆ ಆರರ ವಿಮಾನದಲ್ಲಿ ಅವಳನ್ನು ದೊಡ್ಡಾಸ್ಪತ್ರೆಗೆ ಒಯ್ಯಬೇಕು. ಇನ್ನೂರ ಮೂವತ್ತು ಕಿಲೋಮೀಟರ್, ನಲವತ್ತು ನಿಮಿಷ ಎಂದು ನೀವು ಚೀಟಿ ಬರೆದುಕೊಟ್ಟಿರಿ. ಅದನ್ನು ನೋಡಿಯೇ ಇಲ್ಲಿನ ಆಸ್ಪತ್ರೆಯವರು ಒಂದು ಗಂಟೆಗೆ ಸಾಲುವ ಒಂದೇ ಆಮ್ಲಜನಕದ ಸಿಲಿಂಡರ್ ಕೊಟ್ಟರು.

ಕೆಳಮನೆಯಲ್ಲಿರುವ ನಿಮ್ಮ ಕಾವಲುಗಾರ ಸದ್ದು ಕೇಳಿ ಬಂದವನು ಈಗ ಹೇಳುತ್ತಾನೆ: “ಅಕ್ಕಾ, ಅದು ಬರೀ ಹಾರೋ ಹೊತ್ತು. ಆ ಕಡೆ ಇಳಿಯೋ ರನ್‌ವೇಲಿ ಕುರಿ ಮೇಯ್ತಿರ್ತವೆ. ಅವನ್ನ ಓಡಿಸೋ ತನಕ ವಿಮಾನ ಮೇಲೇ ಗಿರಕಿ ಹೊಡೀತಿರತ್ತೆ. ಮೊನ್ನೆ ಒಂದೂವರೆ ಗಂಟೆ ಆಯ್ತು.”

ಕಾವಲುಗಾರನಿಗೆ ಗೊತ್ತಿರುವುದು ನಿಮಗೆ ಗೊತ್ತಿಲ್ಲವೇ? ಕುರಿಗಳಿಗೆ ನಿಮ್ಮ ವೇಳಾಪಟ್ಟಿ ಓದಲು ಬರುವುದಿಲ್ಲ, ಸ್ವಾಮಿ. ನನಗೆ ಬರುತ್ತದೆ, ನಂಬಿ ಕೆಟ್ಟೆ.

ಇನ್ನೊಂದು ಸಿಲಿಂಡರ್ ಆಸ್ಪತ್ರೆಯ ಬೀಗದೊಳಗಿದೆ. ಅದನ್ನು ಕೊಡಬೇಕಾದರೆ ‘ಒಂದೂವರೆ ಗಂಟೆ’ ಎಂದು ನಿಮ್ಮ ಬಾಯಿಂದಲೇ ಬರಬೇಕು ಅನ್ನುತ್ತಾರೆ ಅಲ್ಲಿಯವರು. ನಿಮ್ಮ ಫೋನು ಎಷ್ಟು ಹೊಡೆದರೂ ಎತ್ತುವವರಿಲ್ಲ, ಅದಕ್ಕೇ ಈ ಕಾಗದವನ್ನು ಕಾವಲುಗಾರನ ಕೈಗೆ ಕೊಟ್ಟಿದ್ದೇನೆ. ನನ್ನ ಕ್ಷಮೆ ಕೇಳುವುದು ಬೇಡ. ಬೆಳಗಾಗುವ ಮೊದಲು ಆಸ್ಪತ್ರೆಗೆ ಒಂದು ಫೋನು ಮಾಡಿ, ದಮ್ಮಯ್ಯ.

ಇತಿ,
ಆರರ ವಿಮಾನದ ಮೂರನೇ ಸೀಟಿನ ಮಗುವಿನ ತಾಯಿ