ಮ್ಯಾನೇಜರಿಗೆಂದು ಇಟ್ಟ ಚಕ್ಕೋತ

ಕುಂದಾಣ, ಭಾನುವಾರ

ಪ್ರೀತಿಯ ಅಪ್ಪನಿಗೆ,

ನಾಳೆ ನನ್ನ ಎಂಬಿಎ ಸಾಲಕ್ಕೆ ಸಹಿ ಹಾಕಲು ಬ್ಯಾಂಕಿಗೆ ಹೋಗಬೇಡ. ಎದುರು ನಿಂತು ಹೇಳಲು ಹೋದರೆ ನಿನ್ನ ಮುಖ ನೋಡಿ ಸುಮ್ಮನಾಗಿಬಿಡುತ್ತೇನೆ, ಅದಕ್ಕೇ ಬರೆದಿದ್ದೇನೆ.

ಏರ್‌ಪೋರ್ಟ್ ಹತ್ತಿರದ ಕಂಪನಿಯೊಂದರಲ್ಲಿ ಅಕ್ಕಪಕ್ಕ ಕೂರುವ ಇಬ್ಬರನ್ನು ವಿಚಾರಿಸಿದೆ. ಫೈನಾನ್ಸ್ ಎಂಬಿಎ ಮಾಡಿದ ಅಕ್ಷತಕ್ಕನ ಸಂಬಳ ಮೂವತ್ತು ಸಾವಿರ. ಅದರಲ್ಲಿ ಹದಿನಾರು ಸಾವಿರ ಓದಿನ ಸಾಲದ ಕಂತಿಗೇ ಹೋಗುತ್ತದೆ. ಸರ್ಕಾರಿ ಕಾಲೇಜಿನಲ್ಲಿ ಎಂ.ಕಾಂ. ಓದಿದ ಪಕ್ಕದವರಿಗೆ ಇಪ್ಪತ್ತಾರು ಸಾವಿರ, ಸಾಲವೇ ಇಲ್ಲ. ನಾನು ಎಂ.ಕಾಂ.ಗೇ ಸೇರುತ್ತೇನೆ. ಊರಿಗೆಲ್ಲ ಎಂಬಿಎ ಅಂತ ಸಾರಿಬಿಟ್ಟಿದ್ದೀಯಲ್ಲ, ಅವರಿಗೆ ನಾನೇ ಹೇಳುತ್ತೇನೆ.

“ಬ್ಯಾಂಕಿಗೆ ಬರಿಗೈಲಿ ಹೋಗಬಾರ್ದು ಕಣಮ್ಮ” ಅಂತ ಮ್ಯಾನೇಜರಿಗೆ ನೀನು ತೆಗೆದಿಟ್ಟಿದ್ದ ಚಕ್ಕೋತವನ್ನು ಈಗಷ್ಟೇ ಸುಲಿದೆ. ಅರ್ಧ ನಾನು ತಿಂದೆ, ಅರ್ಧ ನಿನಗೆ ಮುಚ್ಚಿಟ್ಟಿದ್ದೇನೆ. ಇನ್ನು ಹೇಗೆ ಹೋಗುತ್ತೀಯೋ ನೋಡುತ್ತೇನೆ.

ನಿನ್ನ ಹಠಮಾರಿ,
ಮಮತ