ಹೊನ್ನಕ್ಕನ ಜಾರುಗಂಟು

ಹಿರಿಯೂರು
೧೨ ಜುಲೈ ೨೦೦೩

ಹೊಸದುರ್ಗದ ತಂಗಿ ಮನೆ ಸೇರಿಕೊಂಡಿರುವ ಹೊನ್ನಕ್ಕನಿಗೆ, ಏಕನಾಥಮ್ಮ ಮಾಡುವ ನಮಸ್ಕಾರ.

ಕ್ಷೇಮ ಸಮಾಚಾರ ಕೇಳುವ ತಾಳ್ಮೆ ಇವತ್ತು ನನಗಿಲ್ಲ. ಮೈಯೆಲ್ಲ ಉರಿಯುತ್ತಿದೆ. ನಮ್ಮ ಮಹಿಳಾ ಸಂಘಕ್ಕೆ ತಾನಾಗಿಯೇ ಸಲಹೆಗಾರನಾಗಿ ಬಂದು ಕೂತ ನಾಗರಾಜ್ ಇದ್ದಾನಲ್ಲ, ನೀನು ಹೊಲಿಯುತ್ತಿದ್ದ ರಬ್ಬರ್ ಚೀಲವನ್ನೇ ತಯಾರಿಸುತ್ತೇನೆಂದು ಸಂತೆ ಮೈದಾನದ ಹಳೇ ಗೋದಾಮನ್ನು ತನ್ನ ಹೆಸರಿಗೆ ಕೇಳಿದ್ದಾನೆ. ನಾವು ಮೂರು ವರ್ಷ ಅರ್ಜಿ ಹಾಕಿದ ಗೋದಾಮು! ಅದನ್ನು ಕೊಡುವ ಮಾರುಕಟ್ಟೆ ಸಮಿತಿಯವರು ಇಪ್ಪತ್ತೊಂದನೇ ತಾರೀಖು ಸೋಮವಾರ ಬಂದು ತೀರ್ಮಾನ ಮಾಡುತ್ತಾರಂತೆ.

ಹೆದ್ದಾರಿಯ ಪಂಕ್ಚರ್ ಅಂಗಡಿಗಳ ಹಿಂದೆ ಬಿದ್ದಿದ್ದ ಲಾರಿ ಟ್ಯೂಬುಗಳನ್ನು ತಲೆ ಮೇಲೆ ಹೊತ್ತು ತಂದವಳು ನೀನು. ಸೋಪು ಹಾಕಿ ತಿಕ್ಕಿ, ಕತ್ತರಿಸಿ, ನೈಲಾನ್ ದಾರದಲ್ಲಿ ಹೊಲಿದವಳು ನೀನು. ಕೊನೆಯಲ್ಲಿ ಜಾರುಗಂಟು ಹಾಕಿ ಬೆರಳುದ್ದ ದಾರ ಹೊರಗೆ ಬಿಡುತ್ತಿದ್ದೆ. ಕೊಳ್ಳಲು ಬಂದವರಿಗೆಲ್ಲ, "ಹರಿದ್ರೆ ಬಿಸಾಕಬ್ಯಾಡ್ರಿ, ತರ್ರಿ. ಈ ದಾರ ಎಳೆದ್ರೆ ಪೂರಾ ಬಿಚ್ತೈತೆ, ಬ್ಯಾರೆ ತುಂಡು ಹಾಕಿ ಹೊಲ್ಕೊಡ್ತೀನಿ" ಅನ್ನುತ್ತಿದ್ದೆ. ಸವೆದ ತುಂಡು ಚಪ್ಪಲಿಯ ಪಟ್ಟಿಯಾಗುತ್ತಿತ್ತು, ಇನ್ನೂ ಚಿಕ್ಕದು ನಲ್ಲಿಯ ವಾಷರ್ ಆಗುತ್ತಿತ್ತು. ನಿನ್ನ ಅಂಗಳದಿಂದ ಒಂದು ಚೂರೂ ತಿಪ್ಪೆಗೆ ಹೋದದ್ದು ನಾನು ಕಂಡಿಲ್ಲ.

ಚಿತ್ರದುರ್ಗದ ವಸ್ತುಪ್ರದರ್ಶನದಲ್ಲಿ ಆ ಚೀಲಗಳ ಮೇಲೆ 'ವಿನ್ಯಾಸ: ನಾಗರಾಜ್' ಎಂಬ ಫಲಕ ಇತ್ತು. ನೋಡಿಯೂ ಅದರ ಕೆಳಗೇ ಕೂತು ನಾವಿಬ್ಬರೂ ಚೀಲ ಮಾರಿದೆವು. ಆಮೇಲೆ ಕೊಂಡವರು ಅಕ್ಕಿ, ಬೆಲ್ಲ ತುಂಬಿದ್ದೇ ತಡ, ಒಂದೊಂದೇ ಚೀಲದ ಹೊಲಿಗೆ ಬಿಚ್ಚಿಕೊಂಡಿತು. ತಕ್ಷಣ ಅವನು ಎಲ್ಲರೆದುರು ನಿನ್ನತ್ತ ಕೈ ತೋರಿಸಿ, "ಹೆಂಗಸ್ರ ಕೈಕೆಲಸ ಇಷ್ಟೇ ಕಣ್ರಿ" ಅಂದ. ಥೂ! ಚೆನ್ನಾಗಿದ್ದಾಗ ಅವನದು, ಬಿಚ್ಚಿಕೊಂಡಾಗ ನಿನ್ನದು. ನೀನು ನಿನ್ನ ಬೆರಳುಗಳನ್ನೇ ನೋಡುತ್ತಾ ನಿಂತೆ. ಮಾರನೇ ದಿನ ಸೂಜಿ ಡಬ್ಬಿ ನನಗೆ ಕೊಟ್ಟು, "ನನ್ ಕೈ ಸೋತೈತೆ ಕಣವ್ವ" ಎಂದು ಬಸ್ಸು ಹತ್ತಿದೆ.

ಅಕ್ಕಾ, ನಿನ್ನ ಕೈ ಸೋತಿರಲಿಲ್ಲ. ಪ್ರದರ್ಶನದ ಹಿಂದಿನ ದಿನ ನಾಗರಾಜ್ ನನ್ನ ಕೈಗೆ ಕತ್ತರಿ ಕೊಟ್ಟು, "ದಾರ ಜೋತಾಡ್ತಾವೆ, ನೀಟಾಗಿ ಕತ್ರಿಸಮ್ಮ" ಅಂದಿದ್ದ. ಅರ್ಜಿ ಬರೆಯುವುದೊಂದು ಬಿಟ್ಟರೆ ನನಗೇನು ಗೊತ್ತಿತ್ತು? ನಲವತ್ತು ಚೀಲದ ದಾರಗಳನ್ನೂ ಗಂಟಿನ ಸಮೇತ ಕತ್ತರಿಸಿದೆ. ಅಂದವಾಗಿ ಕಾಣಲಿ ಎಂದು! ಹೊಲಿಗೆಯನ್ನು ಹಿಡಿದಿದ್ದದ್ದೇ ಆ ಗಂಟು ಎಂದು ನೀನು ತಲೆ ತಗ್ಗಿಸಿ ನಿಂತಾಗ ನನಗೆ ಹೊಳೆಯಿತು. ಆದರೂ ಎಂಟು ತಿಂಗಳು ಸುಮ್ಮನಿದ್ದೆ. ಅವನ ಮೇಲಿನ ಸಿಟ್ಟಿಗಿಂತ ನನ್ನ ಮೇಲಿನ ಸಿಟ್ಟೇ ಹೆಚ್ಚು.

ನಿನ್ನೆ ಸಂಘದ ಸಭೆಯಲ್ಲಿ ಎದ್ದು ನಿಂತು ಎಲ್ಲ ಹೇಳಿಬಿಟ್ಟೆ. "ಮುಗ್ದಿದ್ದು ಈಗ್ಯಾಕಮ್ಮ? ಆಯಮ್ಮನೇ ಬಿಟ್ಟೋಗೈತೆ" ಎಂದ ಆ ಪುಣ್ಯಾತ್ಮ ನಾಗರಾಜ್. ನಾಚಿಕೆ ಅನ್ನುವುದು ಬೇಡವೇ ಮನುಷ್ಯನಿಗೆ? ಬಿಟ್ಟು ಹೋಗಲಿಲ್ಲ, ನಾವು ಓಡಿಸಿದೆವು ಎಂದು ಅವನ ಮುಖದ ಮೇಲೆ ಹೇಳಿದೆ. ಬಸಮ್ಮ, ಹುಚ್ಚಕ್ಕ ಇಬ್ಬರೂ ನನ್ನ ಜೊತೆ ಎದ್ದು ನಿಂತರು.

ಸಮಿತಿಗೆ ಹೊಸ ಅರ್ಜಿ ಬರೆದಿದ್ದೇನೆ. ತಯಾರಿಸಿದವರು, ರೂಪಿಸಿದವರು, ಎರಡೂ ಕಡೆ ನಿನ್ನ ಹೆಸರೇ. ಆದರೆ ಮಾಡಿ ತೋರಿಸಿ ಅಂತಾರೆ. ನಿನ್ನ ಡಬ್ಬಿ ತೆಗೆದು ಬೆಳಗಿನಿಂದ ಒದ್ದಾಡುತ್ತಿದ್ದೇನೆ. ನಾನು ಹಾಕಿದ ಗಂಟು ಬಿಚ್ಚುವುದಿಲ್ಲ, ಬಿಚ್ಚುವ ಗಂಟು ನಿಲ್ಲುವುದಿಲ್ಲ. ಅದು ನಿನಗೊಬ್ಬಳಿಗೇ ಬರುತ್ತದೆ. ಸಮಿತಿ ಬರುವ ಸೋಮವಾರ ಮೊದಲ ಬಸ್ಸಿಗೆ ಬಾ. ನನ್ನನ್ನು ಬೈಯಬೇಕು ಅನಿಸಿದರೆ ಬಾಯ್ತುಂಬ ಬೈಯಿ. ಆದರೆ ಆ ಗೋದಾಮಿನ ಬಾಗಿಲಲ್ಲಿ ನಿಂತು ಬೈಯಿ.

ನಿನ್ನ ಬೆರಳುಗಳು ನೂರು ವರ್ಷ ಗಟ್ಟಿಯಾಗಿರಲಿ.

ನಿನ್ನ ದಾರ ಕತ್ತರಿಸಿದವಳು,
ಏಕನಾಥಮ್ಮ